ಕಟ್ಟದೆ ಬಿಟ್ಟ ಮೂಟೆ

ಕೇಳುಗರಿಗೆ ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ‘ಚಪಲ್’ ಯುದ್ಧನೌಕೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿರುತ್ತೀರಿ. ನಾನು ನೌಕಾಪಡೆಯಲ್ಲಿ ನಾವಿಕನಾಗಿದ್ದೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: “ಇಷ್ಟೊಂದು ಕಬ್ಬಿಣ ಇದೆಯಲ್ಲ, ಇದೂ ಅಲುಗಾಡುತ್ತದೆಯೇ?” ಅಲುಗಾಡುತ್ತದೆ ಸ್ವಾಮಿ. ನಿಮ್ಮ ಊರಿನ ತೇರಿಗಿಂತ ಹೆಚ್ಚು ಅಲುಗಾಡುತ್ತದೆ.

ಯುದ್ಧನೌಕೆ ವೇಗವಾಗಿ ಓಡಬೇಕು. ಅದಕ್ಕೇ ಅದನ್ನು ಉದ್ದಕ್ಕೆ, ಸಪೂರವಾಗಿ ಕಟ್ಟುತ್ತಾರೆ. ಮುಂಬಯಿಯಲ್ಲಿ ಕಟ್ಟಿ 1972ರಲ್ಲಿ ಸೇವೆಗೆ ಸೇರಿಸಿದ ‘ನೀಲಗಿರಿ’ 113 ಮೀಟರ್ ಉದ್ದವಿತ್ತು, ಅಗಲ ಬರೀ 13. ಬಕೆಟ್ ನೀರಿಗೆ ಒಂದು ಸೌತೆಕಾಯಿ ಹಾಕಿ ಕೈಯಾಡಿಸಿ ನೋಡಿ. ಇದರಲ್ಲಿ ಬೇರೆ ವಿಜ್ಞಾನವೇನಿಲ್ಲ.

ಮುಂಗಾರು ಬಂತೆಂದರೆ ಇಲ್ಲಿನ ಬೈತಖೋಲ್ ಬಂದರಿನ ಯಾಂತ್ರಿಕ ಮೀನುಗಾರಿಕೆ ದೋಣಿಗಳಿಗೆ ಜೂನ್ 1ರಿಂದ 61 ದಿನ ರಜೆ. ನೌಕಾಪಡೆಗೆ ಆ ರಜೆ ಇಲ್ಲ. ನಾಲ್ಕೈದು ಮೀಟರ್ ಎತ್ತರದ ತೆರೆ ಪಕ್ಕೆಗೆ ಬಡಿಯುತ್ತಿರುತ್ತದೆ. ಎಂಟು ಹತ್ತು ಸೆಕೆಂಡಿಗೊಮ್ಮೆ ಹಡಗು ಎಡಕ್ಕೆ ವಾಲಿ ಬಲಕ್ಕೆ ಬರುತ್ತದೆ. ಆಗ ಗೋಡೆಯೇ ನೆಲ, ನೆಲವೇ ಗೋಡೆ. ಇಂಥ ಹೊತ್ತಿನಲ್ಲಿ ನೆನಪಿಡಬೇಕಾದ ಮಾತು ಒಂದೇ: ಕಟ್ಟಿಡಿ. ಕುರ್ಚಿ, ಬೂಟು, ಬಕೆಟ್, ಚಹಾದ ಕೆಟಲ್, ಎಲ್ಲವನ್ನೂ ಕಟ್ಟಿಡಿ.

ಇದನ್ನು ನಾನು ಕಲಿತದ್ದು ಹೇಗೆಂದು ಹೇಳುತ್ತೇನೆ.

ಒಂದು ಜುಲೈ ತಿಂಗಳು, ಮುಂಬಯಿಯಿಂದ ಕೊಚ್ಚಿಗೆ ಹೊರಟಿದ್ದೆವು. ಅಡುಗೆಮನೆಯ ಹೊರಗಿನ ಓಣಿಯಲ್ಲಿ ಐವತ್ತು ಕಿಲೋ ಆಲೂಗಡ್ಡೆಯ ಮೂಟೆ. ಕಟ್ಟಬೇಕಾದವನು ನಾನು. ಚಹಾ ಕುಡಿದು ಬಂದು ಕಟ್ಟಿದರಾಯಿತು ಎಂದುಕೊಂಡೆ. ಮೂಟೆ ಕಾಯಲಿಲ್ಲ. ಹಡಗು ವಾಲಿದ ರಭಸಕ್ಕೆ ಏಣಿಯ ಬಾಯಿಗೆ ಬಂದು, ನಾವು ಮಲಗುವ ಮೆಸ್‌ಡೆಕ್‌ಗೆ ಬಿದ್ದು ಹರಿಯಿತು. ರಾತ್ರಿಯ ಕೆಂಪು ದೀಪ, ನೆಲದ ಮೇಲೆ ಬೆರಳು ಮುಳುಗುವಷ್ಟು ನೀರು, ಆ ನೀರಿನಲ್ಲಿ ಇಡೀ ಮೂಟೆ ಆಲೂಗಡ್ಡೆ ಗಡಗಡನೆ ಎಡಕ್ಕೆ ಓಡುತ್ತದೆ, ಗಡಗಡನೆ ಬಲಕ್ಕೆ ಬರುತ್ತದೆ. ಅರ್ಧದಷ್ಟು ಜನ ವಾಂತಿ ಮಾಡಿಕೊಂಡು ಬಂಕ್‌ಗಳಲ್ಲಿ ಸತ್ತವರಂತೆ ಬಿದ್ದಿದ್ದರು. ವಾಂತಿಯ ಬಕೆಟ್ಟನ್ನು ಮಾತ್ರ ಯಾರೋ ಪುಣ್ಯಾತ್ಮ ಕಟ್ಟಿದ್ದ.

ಸದ್ದು ಕೇಳಿ ನಮ್ಮ ಚೀಫ್ ಇಳಿದು ಬಂದರು. ಭಾರೀ ಆಸಾಮಿ. ಮೊದಲ ಹೆಜ್ಜೆಯೇ ಆಲೂಗಡ್ಡೆಯ ಮೇಲೆ. ಕುಳಿತ ಭಂಗಿಯಲ್ಲೇ ಜಾರಿ ನನ್ನೆದುರು ಹಾದುಹೋದರು. “ಯಾರು,” ಎಂದರು. ಹಡಗು ಇನ್ನೊಂದು ಕಡೆಗೆ ವಾಲಿತು, ವಾಪಸ್ ಬಂದರು. “ಈ ಮೂಟೆಯನ್ನು,” ಎಂದರು. ಮೂರನೆಯ ಸಲ ಹಾದುಹೋಗುವಾಗ “ಕಟ್ಟಲಿಲ್ಲ?” ಎಂದು ವಾಕ್ಯ ಮುಗಿಸಿದರು. ನಗು ತಡೆಯಲಾಗಲಿಲ್ಲ, ನಕ್ಕಿದ್ದಕ್ಕೆ ಬೇರೆ ಶಿಕ್ಷೆಯಾಯಿತು.

ಹೆಕ್ಕುವುದು ಹೇಗೆ? ಬಗ್ಗಿದರೆ ನಾವೂ ಜಾರುತ್ತಿದ್ದೆವು. ಕೊನೆಗೆ ಕಂಬಳಿಯೊಂದನ್ನು ಇಬ್ಬರು ಎರಡು ತುದಿಗೆ ಹಿಡಿದು ರಂಪಣಿ ಬಲೆಯಂತೆ ಅಡ್ಡಗಟ್ಟಿದೆವು. ತೆರೆ ತಂದುಕೊಟ್ಟಷ್ಟು ಹಿಡಿದೆವು. ಎರಡು ತಾಸು ಬೇಕಾಯಿತು. ಮರುದಿನ ಮೂರು ಹೊತ್ತೂ ಆಲೂಗಡ್ಡೆಯದೇ ಪಲ್ಯ, ತಿನ್ನುವವರು ಹತ್ತು ಜನ.

ಕೆಲವು ತಿಂಗಳ ನಂತರ ಹಡಗು ದುರಸ್ತಿಗೆ ಹೋದಾಗ, ಲಾಕರಿನ ಹಿಂದೆ ಇನ್ನೊಂದು ಆಲೂಗಡ್ಡೆ ಸಿಕ್ಕಿತು, ಗೇಣುದ್ದ ಮೊಳಕೆ ಬಿಟ್ಟದ್ದು. ಚೀಫ್ ಅದಕ್ಕೆ ದಾರ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ನನ್ನ ದಿಂಬಿನ ಮೇಲೆ ಇಟ್ಟು ಹೋಗಿದ್ದರು.

ಗಾಜಿನ ಆಚೆಯಿಂದ ರೇಡಿಯೊದವರು ಗಡಿಯಾರ ತೋರಿಸುತ್ತಿದ್ದಾರೆ. ವಾಂತಿಯ ವಿಷಯ ಹೇಳಲೇಬೇಕು: ಹೊಟ್ಟೆ ಖಾಲಿ ಬಿಡಬೇಡಿ. ಒಣ ಚಪಾತಿ, ಬಿಸ್ಕತ್ತು, ಏನಾದರೂ ಜಗಿಯುತ್ತಿರಿ, ಕಣ್ಣು ದಿಗಂತದ ಮೇಲಿರಲಿ. ಇಂಗ್ಲೆಂಡಿನ ದೊಡ್ಡ ನೌಕಾ ಸೇನಾನಿ ನೆಲ್ಸನ್‌ಗೇ ಜೀವನಪೂರ್ತಿ ಕಡಲು ಒಗ್ಗಲಿಲ್ಲ, ನೀವು ನಾಚಿಕೊಳ್ಳಬೇಕಾಗಿಲ್ಲ. ಮಲಗುವಾಗ ಹಾಸಿಗೆಯ ಹೊರ ಅಂಚಿನಡಿ ಲೈಫ್ ಜಾಕೆಟ್ ತುರುಕಿ, ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದೆವು. ಅಂದರೆ ನಮ್ಮನ್ನೂ ಒಂದು ಲೆಕ್ಕದಲ್ಲಿ ಕಟ್ಟಿಕೊಳ್ಳುತ್ತಿದ್ದೆವು. ತಟ್ಟೆಯಡಿಗೆ ಒದ್ದೆ ಬಟ್ಟೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬುವಂತಿಲ್ಲ.

1971ರ ಯುದ್ಧದ ಬಗ್ಗೆಯೂ ಮಾತನಾಡಿ ಎಂದಿದ್ದರು. ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ ಕ್ಷಿಪಣಿ ದೋಣಿಗಳು ‘ಚಪಲ್’ ಕುಲದವೇ, ಉದ್ದ ನಲವತ್ತು ಮೀಟರ್ ಕೂಡ ಇಲ್ಲ. ಡಿಸೆಂಬರ್‌ನಲ್ಲಿ ಅರಬ್ಬಿ ಸಮುದ್ರ ಸಾಧು. ಜುಲೈ ಆಗಿದ್ದರೆ ಅಷ್ಟು ಚಿಕ್ಕ ದೋಣಿಗಳಿಗೆ ಶತ್ರುವಿಗಿಂತ ಮೊದಲು ತೆರೆಯೇ ಎದುರಾಗುತ್ತಿತ್ತು. ಅದನ್ನು ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಆಗಸ್ಟ್ 1ಕ್ಕೆ ದೋಣಿ ಇಳಿಸುವ ತಾಂಡೇಲರು, ಅಂದರೆ ದೋಣಿ ನಡೆಸುವವರು, ಈ ಹೊತ್ತು ರೇಡಿಯೊ ಹಾಕಿರುತ್ತಾರೆಂದು ನನಗೆ ಗೊತ್ತು. ನಿಮಗೆ ಕಡಲು ಹೇಳಿಕೊಡುವವನು ನಾನಲ್ಲ. ಆದರೂ ಕೇಳುತ್ತೇನೆ, ದೋಣಿಯೊಳಗಿನ ಅಡುಗೆ ಸಿಲಿಂಡರ್ ಕಟ್ಟಿದ್ದೀರಾ? ಒಂದು ಸುತ್ತು ಸಾಲದು, ಎರಡು ಸುತ್ತು ಹಗ್ಗ ಹಾಕಿ. ನಮಸ್ಕಾರ.