ಹೂಸು ಬಿಟ್ಟು ಶತ್ರುಗಳನ್ನು ಓಡಿಸಿದ ಗ್ರೀಕ್ ವಿದೂಷಕ

ನಮಸ್ಕಾರ! "ಹಳೇ ಗ್ರೀಕ್ ನಾಟಕವೊಂದರಲ್ಲಿ ಕನ್ನಡ ಇದೆಯಂತೆ, ನಿಜಾನಾ?" ಅಂತ ಕಾಮೆಂಟಲ್ಲಿ ಕೇಳ್ತಾನೇ ಇರ್ತೀರಿ. ಅದಕ್ಕೆ ಬರ್ತೀನಿ. ಆದ್ರೆ 'ಖಾರಿಟಿಯನ್' ಅನ್ನೋ ಆ ಪ್ರಹಸನ ಓದಿದ ಮೇಲೆ ನನ್ನ ತಲೇಲಿ ಕೂತಿದ್ದು ಬೇರೆ: ಗ್ರೀಕರು ತಮ್ಮದೇ ಪುರಾಣಕ್ಕೆ ಎಂಥಾ ಗತಿ ಕಾಣಿಸಿದ್ದಾರಪ್ಪಾ!

ಮೂಲ ಕಥೆ, ಚುಟುಕಾಗಿ. ಟ್ರಾಯ್ ಯುದ್ಧಕ್ಕೆ ಹೊರಟ ಅಗಮೆಮ್ನಾನ್ ಮಗಳು ಇಫಿಜೀನಿಯಾಳನ್ನೇ ಬಲಿ ಕೊಡೋಕೆ ನಿಲ್ತಾನೆ. ಆರ್ಟೆಮಿಸ್ ದೇವಿ ಅವಳ ಜಾಗಕ್ಕೆ ಜಿಂಕೆ ಇಟ್ಟು, ಅವಳನ್ನ ಈಗಿನ ಕ್ರಿಮಿಯಾಕ್ಕೆ ಸಾಗಿಸ್ತಾಳೆ. ಅಲ್ಲಿ ಅವಳು ದೇವಿಯ ಪೂಜಾರಿಣಿ, ಅಲ್ಲಿಗೆ ಬಂದ ಪರದೇಶಿಗಳಿಗೆ ಬಲಿಯೇ ಗತಿ. ಒಂದಿನ ಹಾಗೆ ಸಿಕ್ಕಿಬಿದ್ದವನು ಸ್ವಂತ ತಮ್ಮ ಒರೆಸ್ಟಿಸ್. ಅಕ್ಕ ತಮ್ಮ ಸೇರಿ ರಾಜನಿಗೆ ಟೋಪಿ ಹಾಕಿ, ದೇವಿಯ ಮೂರ್ತಿ ಸಮೇತ ಹಡಗು ಹತ್ತಿ ಪರಾರಿ. ಇದನ್ನ ಕ್ರಿ.ಪೂ. 5ನೇ ಶತಮಾನದಲ್ಲಿ ಯೂರಿಪಿಡೀಸ್ ನಾಟಕ ಮಾಡಿದ.

ಈಗ ಈಜಿಪ್ಟಿಗೆ ಹೋಗೋಣ. ಆಕ್ಸಿರಿಂಕಸ್ ಅನ್ನೋ ಊರಿನ ಹಳೇ ಕಸದ ದಿಬ್ಬಗಳಲ್ಲಿ ಗ್ರೆನ್ಫೆಲ್ ಮತ್ತು ಹಂಟ್ ಅನ್ನೋ ಇಬ್ಬರು ಇಂಗ್ಲಿಷ್ ವಿದ್ವಾಂಸರು ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ) ಹಾಳೆಗಳನ್ನ ಅಗೆದು ತೆಗೆದರು. 1903ರಲ್ಲಿ ಅಚ್ಚಾದ ಒಂದರಲ್ಲಿ ಈ ಪ್ರಹಸನ ಇತ್ತು. ಹಾಳೆ ಸುಮಾರು ಕ್ರಿ.ಶ. 2ನೇ ಶತಮಾನದ್ದು. ನಾಯಕಿ ಖಾರಿಟಿಯನ್, ಭಾರತದ ಕರಾವಳಿಯ ರಾಜನೊಬ್ಬನ ಕೈಲಿ ಸಿಕ್ಕಿರೋ ಗ್ರೀಕ್ ಹೆಣ್ಣು. ದೇವಸ್ಥಾನ ಇದೆ, ಅಣ್ಣನೋ ತಮ್ಮನೋ ಹಡಗು ತಂದಿದಾನೆ. ಅದೇ ಕಥೆ!

ಆದ್ರೆ ಅವಳ ಬೆಂಗಾವಲಿಗೆ ಇರೋನು ಒಬ್ಬ ವಿದೂಷಕ. ಅವನ ಬ್ರಹ್ಮಾಸ್ತ್ರ ಏನು ಗೊತ್ತಾ? ಹೂಸು. ಬಿಲ್ಲು ಹಿಡಿದು ಬೇಟೆಯಿಂದ ಬಂದ ಹೆಂಗಸರ ಗುಂಪನ್ನ ಇವನು ಅದರಿಂದಲೇ ಓಡಿಸ್ತಾನೆ. ಹೂಸನ್ನೇ ದೇವಿ ಅಂತ ಕರೆದು ಬೇಡಿಕೊಳ್ಳೋದು ಬೇರೆ! ಹಾಳೆಯಲ್ಲಿ ಸಂಭಾಷಣೆ ಜೊತೆಗೆ ರಂಗಸೂಚನೆಗಳೂ ಇವೆ: ಇಲ್ಲಿ ಡೋಲು, ಇಲ್ಲಿ ಹೂಸು. ಯಕ್ಷಗಾನದ ಹಾಸ್ಯಗಾರನ ಕಾಲಿಗೆ ಚೆಂಡೆ ಪೆಟ್ಟು ಬೀಳುತ್ತಲ್ಲ, ಅದೇ ಲೆಕ್ಕಾಚಾರ. ಆ ಡೋಲಿನವನು ಎಷ್ಟು ರಿಹರ್ಸಲ್ ಮಾಡಿದ್ನೋ ಪಾಪ.

ಇನ್ನೂ ಸೊಗಸು ಕೇಳಿ. ಮೂಲದಲ್ಲಿ ಮೂರ್ತಿ ಕದಿಯೋದು ಅಪೊಲೊ ದೇವರ ಅಪ್ಪಣೆ, ಅಕ್ಕ ತಮ್ಮನೇ ಸೇರಿ ಕದೀತಾರೆ. ಇಲ್ಲಿ ದೇವಿಯ ಕಾಣಿಕೆ ಎತ್ಕೊಂಡು ಹೋಗೋಣ ಅನ್ನೋನು ವಿದೂಷಕ. ಖಾರಿಟಿಯನ್ ಗದರ್ತಾಳೆ: ದೇವರ ಕೋಪ ಕಟ್ಕೊಂಡು ಬದುಕೋದುಂಟಾ? ಪ್ರಹಸನದವರೇ ಮೂಲದವರಿಗಿಂತ ಮರ್ಯಾದಸ್ಥರು! ಯೂರಿಪಿಡೀಸನನ್ನ ಅರೆದು ಕುಡಿದಿದ್ದ ಪ್ರೇಕ್ಷಕನಿಗೆ ಈ ತಿರುವು ಡಬಲ್ ನಗು ತರಿಸಿರಬೇಕು.

ಕೊನೆಗೆ ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ, ಕಟ್ಟಿಹಾಕ್ತಾರೆ. ಇದು ಹೋಮರನ ಕಾವ್ಯದಲ್ಲಿ ಒಡಿಸ್ಯೂಸ್ ಅನ್ನೋ ವೀರ ಒಕ್ಕಣ್ಣ ರಾಕ್ಷಸನಿಗೆ ಕುಡಿಸಿದ ಕಥೆಯಿಂದ ಎತ್ತಿದ್ದು.

ಟೈಮ್ ಆಯ್ತು, ಓಡಿಸ್ತೀನಿ. ರಾಜನ ಕಡೆಯವರು ಆಡೋ ಭಾಷೆ ಕನ್ನಡ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ಹೇಳಿದ್ರು. ಗೋವಿಂದ ಪೈ ನಮ್ಮ ಕರಾವಳಿಯತ್ತ ಬೊಟ್ಟು ಮಾಡಿದ್ರು. ಇಂಗ್ಲಿಷ್ ವಿದ್ವಾಂಸ ಬಾರ್ನೆಟ್ 1926ರಲ್ಲಿ ಇದು ಕನ್ನಡ ಅಂತ ಒಪ್ಪಲಿಲ್ಲ, ತುಳು ಅನ್ನೋರೂ ಇದ್ದಾರೆ. ನನಗೂ ಆಸೆಯೇನೋ ಇದೆ, ಆದ್ರೆ ಆಸೆ ಪುರಾವೆ ಅಲ್ಲ.

ಇಫಿಜೀನಿಯಾ ಕಥೆ ಮಾತ್ರ ನಿಲ್ಲಲಿಲ್ಲ. 1779ರಲ್ಲಿ ಪ್ಯಾರಿಸ್ಸಲ್ಲಿ ಸಂಗೀತಗಾರ ಗ್ಲುಕ್ ಇದನ್ನ ಒಪೆರಾ (ಹಾಡಿನ ನಾಟಕ) ಮಾಡಿದ. ಅದೇ ವರ್ಷ ಜರ್ಮನಿಯ ವೈಮಾರ್‌ನಲ್ಲಿ ಕವಿ ಗಯಟೆ ನಾಟಕ ಮಾಡಿ, ಒರೆಸ್ಟಿಸ್ ಪಾತ್ರ ತಾನೇ ಹಾಕಿದ. ಗಯಟೆಯ ಇಫಿಜೀನಿಯಾ ವೈನೂ ಕುಡಿಸಲ್ಲ, ಸುಳ್ಳೂ ಹೇಳಲ್ಲ. ನಿಜ ಒಪ್ಪಿಸ್ತಾಳೆ, ರಾಜ ಕಳಿಸಿಕೊಡ್ತಾನೆ. ಘನವಾದ ನಾಟಕ, ಒಪ್ತೀನಿ. ಟಿಕೆಟ್ ಒಂದೇ ಇದ್ರೆ ನಾನು ಈಜಿಪ್ಟಿಗೇ ಹೋಗ್ತೀನಿ.