ಹುಡುಗನನ್ನಷ್ಟೇ ನೋಡಿದರೆ ಸಾಲದು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅದರ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಪ್ರತಿ ವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ಈ ತಂಡಗಳು ಕಾಲೇಜು ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. ನಮ್ಮ ಐಪಿಎಲ್ ಹರಾಜಿನ ಹಾಗೆ ಇಲ್ಲಿ ಯಾರೂ ಹಣ ಕೂಗುವುದಿಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಚಾಂಪಿಯನ್‌ಗೆ ಕೊನೆಯದು. ಈ ನಿಯಮವನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಕಾಲೇಜಿನ ಯಾವ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯ ಮುಂದಾಳು, ಇಲ್ಲಿ ಗೆಲ್ಲುತ್ತಾನೆ ಎಂದು ಮೊದಲೇ ಹೇಳುವುದು ಏಕೆ ಇಷ್ಟು ಕಷ್ಟ ಎಂಬುದೇ ಇವತ್ತಿನ ಮಾತು.

2018ರ ಡ್ರಾಫ್ಟ್ ನಡೆದದ್ದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ. ಆ ರಾತ್ರಿ ಮೊದಲ ಸುತ್ತಿನಲ್ಲೇ ಐವರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಬೇಕರ್ ಮೇಫೀಲ್ಡ್ ಮೊದಲನೆಯವರು, ಸ್ಯಾಮ್ ಡಾರ್ನಾಲ್ಡ್ ಮೂರನೆಯವರು, ಜೋಶ್ ಅಲೆನ್ ಏಳನೆಯವರು, ಜೋಶ್ ರೋಸೆನ್ ಹತ್ತನೆಯವರು. ಲಾಮಾರ್ ಜಾಕ್ಸನ್ ಹೆಸರು ಕೇಳಿಬಂದದ್ದು ಸುತ್ತಿನ ಕಟ್ಟಕಡೆಗೆ, 32ನೆಯವರಾಗಿ. ಇವತ್ತು ಹಿಂದಿರುಗಿ ನೋಡಿದರೆ ಐವರ ಪೈಕಿ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದವರು ಇಬ್ಬರು: ಜಾಕ್ಸನ್ 2019 ಮತ್ತು 2023ರ ಋತುಗಳಿಗೆ, ಅಲೆನ್ 2024ರ ಋತುವಿಗೆ. ಹೆಚ್ಚು ಅನುಮಾನ ಇದ್ದದ್ದೂ ಇವರಿಬ್ಬರ ಮೇಲೆಯೇ.

ಕ್ವಾರ್ಟರ್‌ಬ್ಯಾಕ್ ಎಂದರೆ ದಾಳಿ ನಡೆಸುವ ಹನ್ನೊಂದು ಜನರ ಮುಂದಾಳು. ಚೆಂಡು ಕೈಗೆ ಬಂದ ಮೇಲೆ ಅವನಿಗೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ನೂರಿಪ್ಪತ್ತು, ನೂರೈವತ್ತು ಕಿಲೋ ತೂಕದ ಆಳುಗಳು ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ಅಷ್ಟರೊಳಗೆ ಎದುರಾಳಿಯ ರಕ್ಷಣೆ ಯಾವ ರೂಪದ್ದೆಂದು ಗುರುತಿಸಬೇಕು. ಎಸೆದ ಚೆಂಡು ಹಿಡಿಯುವ ಆಟಗಾರರಲ್ಲಿ, ಅಂದರೆ ರಿಸೀವರ್‌ಗಳಲ್ಲಿ, ಮೊದಲನೆಯವನಿಗೆ ದಾರಿಯಿಲ್ಲದಿದ್ದರೆ ಎರಡನೆಯವನತ್ತ, ಅಲ್ಲಿಯೂ ಇಲ್ಲದಿದ್ದರೆ ಮೂರನೆಯವನತ್ತ ಕಣ್ಣು ಹಾಯಿಸಿ, ಎಸೆಯಬೇಕು. ಕಾಲೇಜಿನಲ್ಲಿ ಕಾವಲಿಲ್ಲದೆ ನಿಂತ ರಿಸೀವರ್‌ನನ್ನು ನೋಡಿ ಎಸೆದರೂ ನಡೆಯುತ್ತದೆ. ಎನ್‌ಎಫ್‌ಎಲ್‌ನಲ್ಲಿ ಅವನು ಇನ್ನೂ ತಿರುಗುವ ಮೊದಲೇ, ಅವನು ಮುಟ್ಟಬೇಕಾದ ಜಾಗಕ್ಕೆ ಚೆಂಡು ಹೊರಟಿರಬೇಕು.

ಎರಡು ಆಟಗಳಿಗೂ ಹೆಸರು ಒಂದೇ, ಒಳಗಿನ ಕೆಲಸ ಬೇರೆ. ಬಹಳಷ್ಟು ಕಾಲೇಜು ತಂಡಗಳಲ್ಲಿ ಹುಡುಗ ಅಂಕಣದ ಅಂಚಿನತ್ತ ತಿರುಗಿ, ಕೋಚ್ ಎತ್ತಿ ಹಿಡಿದ ಚಿತ್ರವನ್ನೋ ಕೈಸನ್ನೆಯನ್ನೋ ನೋಡಿ ಆಡುತ್ತಿದ್ದ. ದೊಡ್ಡ ಕಾಲೇಜುಗಳ ಆಟದಲ್ಲಿ ಹೆಲ್ಮೆಟ್ಟಿನೊಳಗೆ ರೇಡಿಯೊ ಬಂದದ್ದೇ 2024ರಲ್ಲಿ. ಎನ್‌ಎಫ್‌ಎಲ್‌ನಲ್ಲಿ ರೇಡಿಯೊ ಹಳೆಯದು, ಆದರೆ ಪ್ರತಿ ಸಲ ಚೆಂಡು ಆಟಕ್ಕೆ ಬರುವ ಮುನ್ನ ಓಡುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಅದು ಕಡಿದುಹೋಗುತ್ತದೆ. ಆಮೇಲೆ ಹುಡುಗನೇ ದಿಕ್ಕು. ಎದುರಾಳಿ ಕೊನೆಗಳಿಗೆಯಲ್ಲಿ ಜಾಗ ಬದಲಿಸಿದರೆ ತನ್ನವರನ್ನು ಕೂಗಿ ಕರೆದು ಯೋಜನೆ ಬದಲಿಸಬೇಕಾದವನೂ ಅವನೇ. ಕಾಲೇಜಿನ ವಿಡಿಯೊದಲ್ಲಿ ಈ ಕೆಲಸ ಅಷ್ಟಾಗಿ ಸಿಗುವುದೇ ಇಲ್ಲ. ತಂಡಗಳಿಗಾಗಿ ಆಟಗಾರರನ್ನು ಪರಖಿಸುವ ಸ್ಕೌಟ್‌ಗಳ ಮೊದಲ ತೊಡಕು ಇದು.

ಹಾಗಾಗಿ ಅವರು ಅಳೆಯಲು ಸಿಗುವುದನ್ನೆಲ್ಲ ಅಳೆಯುತ್ತಾರೆ. ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷೆಯಲ್ಲಿ ಎತ್ತರ, ತೂಕ, 40 ಗಜದ ಓಟ, ಕೊನೆಗೆ ಹೆಬ್ಬೆರಳಿನಿಂದ ಕಿರುಬೆರಳಿನವರೆಗಿನ ಅಂಗೈ ಅಗಲ ಕೂಡ! 2020ರಲ್ಲಿ ಜೋ ಬರೋ ಅವರ ಅಂಗೈ ಒಂಬತ್ತೇ ಇಂಚು ಎಂದು ದೊಡ್ಡ ಚರ್ಚೆಯಾಯಿತು. ಹಾಗಾದರೆ ನಿವೃತ್ತಿಯೇ ಗತಿ ಎಂದು ಅವರೇ ತಮಾಷೆ ಮಾಡಿದರು. ಎರಡೇ ವರ್ಷಕ್ಕೆ ಸಿನ್ಸಿನಾಟಿ ತಂಡವನ್ನು ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಒಯ್ದರು. ಟಾಮ್ ಬ್ರೇಡಿ 2000ದಲ್ಲಿ ಆ 40 ಗಜ ಓಡಲು 5.28 ಸೆಕೆಂಡು ತೆಗೆದುಕೊಂಡರು, ಆರನೇ ಸುತ್ತಿನಲ್ಲಿ 199ನೆಯವರಾಗಿ ಆಯ್ಕೆಯಾದರು, ಏಳು ಸೂಪರ್ ಬೌಲ್ ಗೆದ್ದರು. ಬ್ರೇಡಿ ಕಥೆಯನ್ನು ಎಲ್ಲರೂ ಹೇಳುತ್ತಾರೆ; ಅದರಿಂದ ಕಲಿಯುವುದು ಕಡಿಮೆ ಎಂದು ನನ್ನ ಅಭಿಪ್ರಾಯ. ಆರನೇ ಸುತ್ತಿನಲ್ಲಿ ಬಂದವರಲ್ಲಿ ಹೆಚ್ಚಿನವರು ಹೇಳಹೆಸರಿಲ್ಲದೆ ಹೋಗುತ್ತಾರೆ.

ಕಲಿಯಲು ಸಿಗುವುದು ಬಿಲ್ ಪೋಲಿಯನ್ ಅವರ ತೀರ್ಪುಗಳಿಂದ. 1998ರಲ್ಲಿ ಅವರು ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಆಯ್ಕೆಯ ಹೊಣೆ ಹೊತ್ತಿದ್ದರು. ಮುಂದೆ ಇಬ್ಬರಿದ್ದರು: ಟೆನೆಸಿಯ ಪೇಟನ್ ಮ್ಯಾನಿಂಗ್, ವಾಷಿಂಗ್ಟನ್ ಸ್ಟೇಟ್‌ನ ರಯಾನ್ ಲೀಫ್. ಲೀಫ್ ತೋಳಿನಲ್ಲಿ ಬಲ ಹೆಚ್ಚು ಎಂದು ನಂಬಿದವರು ಆಗ ಕಡಿಮೆಯೇನಿರಲಿಲ್ಲ. ಪೋಲಿಯನ್ ಮ್ಯಾನಿಂಗ್ ಅವರನ್ನೇ ಆರಿಸಿದರು. ಮೊದಲ ವರ್ಷ ಮ್ಯಾನಿಂಗ್ ಎಸೆದ 28 ಚೆಂಡು ಎದುರಾಳಿಗಳ ಕೈಸೇರಿತು, ತಂಡ ಹದಿಮೂರು ಪಂದ್ಯ ಸೋತಿತು. ಆದರೂ ತಂಡದವರು ಗಾಬರಿಯಾಗಲಿಲ್ಲ. ಮುಂದೆ ಮ್ಯಾನಿಂಗ್ ಅವರಿಗೆ ಐದು ಬಾರಿ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು. ಲೀಫ್ ಆಟ 2001ಕ್ಕೇ ಮುಗಿದಿತ್ತು.

ಅದೇ ಪೋಲಿಯನ್ 2018ರಲ್ಲಿ, ಲಾಮಾರ್ ಜಾಕ್ಸನ್ ಕ್ವಾರ್ಟರ್‌ಬ್ಯಾಕ್ ಆಗುವುದು ಬೇಡ, ರಿಸೀವರ್ ಆಗಲಿ ಎಂದರು. ಮುಂದಿನ ವರ್ಷ ತಮ್ಮ ಮಾತು ತಪ್ಪಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು, ಅದು ದೊಡ್ಡತನವೇ. ಪೋಲಿಯನ್ ಅವರ ಕಣ್ಣು ಮಂಜಾಗಿತ್ತು ಎಂದು ನನಗೆ ಅನಿಸುವುದಿಲ್ಲ. ಎಲ್ಲ ತಂಡಗಳೂ ಆಡುವ ಹಳೆಯ ಆಟದೊಳಗೆ ಜಾಕ್ಸನ್‌ರನ್ನು ಇಟ್ಟು ನೋಡಿದರು, ಅಷ್ಟೆ. ಬಾಲ್ಟಿಮೋರ್ ತಂಡ ಮಾಡಿದ್ದು ಬೇರೆಯದು. ತನ್ನ ದಾಳಿಯ ಆಟವನ್ನೇ ಕಳಚಿ, ಅವರ ಓಟದ ಸುತ್ತ ಹೊಸದಾಗಿ ಕಟ್ಟಿತು. 2019ರಲ್ಲಿ ಜಾಕ್ಸನ್ 1,206 ಗಜ ಓಡಿದರು. ಅಲ್ಲಿಯವರೆಗೆ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಒಂದು ಋತುವಿನಲ್ಲಿ ಅಷ್ಟು ಓಡಿರಲಿಲ್ಲ.

ಜೋಶ್ ಅಲೆನ್ ವಿಷಯದಲ್ಲಿ ಅನುಮಾನಕ್ಕೆ ಅಂಕಿಸಂಖ್ಯೆಯ ಬೆಂಬಲ ಇತ್ತು. ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಅವರ ನೂರು ಎಸೆತಗಳಲ್ಲಿ ಗುರಿ ಮುಟ್ಟುತ್ತಿದ್ದದ್ದು ಸುಮಾರು 56. ಕಾಲೇಜಿನಲ್ಲಿ ನಿಖರತೆ ಇಲ್ಲದವನಿಗೆ ಮುಂದೆಯೂ ಅದು ಬರುವುದಿಲ್ಲ ಎಂಬುದು ಲೆಕ್ಕಾಚಾರದವರ ಗಟ್ಟಿ ನಂಬಿಕೆ, ಬಹುತೇಕ ಸಲ ಅದೇ ನಿಜವಾಗುತ್ತದೆ. ಬಫಲೊ ತಂಡದಲ್ಲಿ ಮೊದಲ ವರ್ಷ 52.8 ಪ್ರತಿಶತ. ಎರಡನೆಯ ವರ್ಷ 58.8. ಮೂರನೆಯ ವರ್ಷ 69.2! ಕಾಲಿನ ನಿಲುವು, ಸೊಂಟದ ತಿರುವು, ತೋಳು ಬೀಸುವ ಕ್ರಮ ಎಲ್ಲವನ್ನೂ ಅಲೆನ್ ತಿದ್ದಿಕೊಂಡರು. ಆದರೆ ಇನ್ನೊಂದು ಪಕ್ಕವನ್ನೂ ನೋಡಿ: ಆ ಮೂರೂ ವರ್ಷ ಮುಖ್ಯ ಕೋಚ್ ಒಬ್ಬರೇ, ದಾಳಿಯ ಕೋಚ್ ಕೂಡ ಒಬ್ಬರೇ. ಮೂರನೆಯ ವರ್ಷಕ್ಕೆ ಸ್ಟೆಫಾನ್ ಡಿಗ್ಸ್ ಎಂಬ ಉತ್ತಮ ರಿಸೀವರ್ ಬೇರೆ ಬಂದು ಸೇರಿದ್ದರು.

ಇದರ ಎದುರಿಗೆ ಜೋಶ್ ರೋಸೆನ್‌ರನ್ನು ಇಡಬೇಕು. ಐವರಲ್ಲಿ ಅಚ್ಚುಕಟ್ಟಾದ ಎಸೆತ ಇವರದೇ ಎಂದವರು ಹಲವರು. ಅರಿಜೋನದಲ್ಲಿ ಮೊದಲ ಋತುವಿನ ನಡುವೆಯೇ ದಾಳಿಯ ಕೋಚ್‌ರನ್ನು ತೆಗೆದರು. ಋತು ಮುಗಿದಾಗ ಮುಖ್ಯ ಕೋಚ್ ಹೋದರು. ಮುಂದಿನ ಏಪ್ರಿಲ್‌ನಲ್ಲಿ ತಂಡ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್, ಕೈಲರ್ ಮರ್ರಿಯವರನ್ನು ಆರಿಸಿ, ರೋಸೆನ್‌ರನ್ನು ಮಯಾಮಿಗೆ ಕಳಿಸಿತು. ಅವರು ಆಮೇಲೆ ಎಲ್ಲಿಯೂ ನೆಲೆಯೂರಲಿಲ್ಲ. ಒಳ್ಳೆಯ ನೆಲೆ ಸಿಕ್ಕಿದ್ದರೆ ಮಿಂಚುತ್ತಿದ್ದರೇ? ಖಚಿತವಾಗಿ ಹೇಳಲಾಗದು. ಆದರೆ ಡಾರ್ನಾಲ್ಡ್ ನ್ಯೂಯಾರ್ಕ್‌ನ ಜೆಟ್ಸ್ ತಂಡದಲ್ಲಿ ಸೋತು, ಊರೂರು ಅಲೆದು, 2024ರಲ್ಲಿ ಮಿನೆಸೋಟದಲ್ಲಿ ತಂಡಕ್ಕೆ 14 ಪಂದ್ಯ ಗೆಲ್ಲಿಸಿದರು. ಅಲ್ಲಿನ ಮುಖ್ಯ ಕೋಚ್ ತಾವೇ ಹಿಂದೆ ಕ್ವಾರ್ಟರ್‌ಬ್ಯಾಕ್ ಆಗಿದ್ದವರು.

ಈಗ ಆ ಸರದಿಯ ನಿಯಮಕ್ಕೆ ಬನ್ನಿ. ಅತ್ಯುತ್ತಮ ಎನಿಸಿಕೊಂಡ ಹುಡುಗ ಹೋಗುವುದು ಅತಿ ಹೆಚ್ಚು ಸೋತ ತಂಡಕ್ಕೆ. ಮೇಫೀಲ್ಡ್ ಹೋದ ಕ್ಲೀವ್‌ಲ್ಯಾಂಡ್ ಹಿಂದಿನ ಋತುವಿನ ಹದಿನಾರೂ ಪಂದ್ಯ ಸೋತಿತ್ತು. ಇಂಥಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ರಕ್ಷಣೆ ಕೊಡುವ ಸಾಲು ದುರ್ಬಲ, ಕೋಚ್ ಕುರ್ಚಿ ಅಲುಗಾಡುತ್ತಿರುತ್ತದೆ, ಅಭಿಮಾನಿಗಳಿಗೆ ತಾಳ್ಮೆಯಿಲ್ಲ. ಕಾಲೇಜು ಹುಡುಗನಿಗೆ ಅಂಕ ಹಾಕುವವರು ಈ ಪಟ್ಟಿಗೂ ಅಂಕ ಹಾಕಬೇಕು. ಯಾವ ತಂಡ, ಯಾವ ಕೋಚ್, ಎಷ್ಟು ಕಾಲಾವಕಾಶ ಎಂದು ಕೇಳದೆ ಕೊಟ್ಟ ತೀರ್ಪಿಗೆ ನಾನು ಬೆಲೆ ಕೊಡುವುದಿಲ್ಲ.

2005ರಲ್ಲಿ ಮೊದಲನೆಯವರಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದವರು ಅಲೆಕ್ಸ್ ಸ್ಮಿತ್. ಮೊದಲ ನಾಲ್ಕು ವರ್ಷಗಳಲ್ಲಿ ಅವರು ಕಂಡ ದಾಳಿಯ ಕೋಚ್‌ಗಳು ನಾಲ್ವರು. ಪ್ರತಿ ವರ್ಷ ಹೊಸ ಪಾಠ. ಅದೇ ಡ್ರಾಫ್ಟ್‌ನಲ್ಲಿ 24ನೆಯವರೆಗೆ ಜಾರಿದ ಏರನ್ ರಾಜರ್ಸ್ ಗ್ರೀನ್ ಬೇ ತಂಡದಲ್ಲಿ ಮೂರು ವರ್ಷ ಹಿರಿಯ ಆಟಗಾರನ ಹಿಂದೆ ಕೂತು ಕಲಿತರು, ನಾಲ್ಕು ಸಲ ಶ್ರೇಷ್ಠ ಆಟಗಾರರಾದರು. ಸ್ಮಿತ್ ಬಹಳ ತಡವಾಗಿ ಕಾಲೂರಿ, ಕಾನ್ಸಸ್ ಸಿಟಿ ಸೇರಿದರು. 2017ರಲ್ಲಿ ಆ ತಂಡ ಟೆಕ್ಸಸ್ ಟೆಕ್‌ನ ಒಬ್ಬ ಹುಡುಗನನ್ನು ಹತ್ತನೆಯವನಾಗಿ ಆರಿಸಿ, ಒಂದು ವರ್ಷ ಸ್ಮಿತ್ ಹಿಂದೆ ಕೂರಿಸಿತು. ತನ್ನ ಜಾಗಕ್ಕೇ ಬಂದವನಿಗೆ ಸ್ಮಿತ್ ವಾರದ ತಯಾರಿ ಹೇಗೆ, ಎದುರಾಳಿಯನ್ನು ಓದುವುದು ಹೇಗೆ ಎಂದು ಎಲ್ಲವನ್ನೂ ತೋರಿಸಿಕೊಟ್ಟರು. ಮರುವರ್ಷ ಜಾಗ ತೆರವಾಯಿತು. ಆ ಹುಡುಗ ಪ್ಯಾಟ್ರಿಕ್ ಮಹೋಮ್ಸ್, 2018ರ ಒಂದೇ ಋತುವಿನಲ್ಲಿ ನೇರ ಅಂಕ ತರುವ ಟಚ್‌ಡೌನ್ ಎಸೆತಗಳನ್ನು 50 ಸಲ ಎಸೆದ.

ನಮಸ್ಕಾರ.