ಬೆಕ್ಕಿನ ಹೃದಯಕ್ಕೆ ಪುಡಿ, ಎಣ್ಣೆ, ಮಾತ್ರೆ: ಕೊಡುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಬೆಕ್ಕಿಗೆ ಹೃದಯದ ಕಾಯಿಲೆ ಇದೆ ಅಂತ ಗೊತ್ತಾದ ದಿನ ಮನೆಯವರು ಮಾಡುವ ಮೊದಲ ಕೆಲಸ ಫೋನ್ ತೆಗೆದು ಹುಡುಕುವುದು. ಹುಡುಕಿದರೆ ಸಾಲುಸಾಲಾಗಿ ಸಪ್ಲಿಮೆಂಟುಗಳು. ಟಾರಿನ್ ಪುಡಿ, ಮೀನೆಣ್ಣೆ, ಕೋಕ್ಯೂಟೆನ್, ಗಿಡಮೂಲಿಕೆಯ ಹನಿ. ಇವೆಲ್ಲ ಔಷಧಿ ಅಲ್ಲವಲ್ಲ, ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗುವುದಿಲ್ಲ ಅಂತ ಅನ್ನಿಸಿಬಿಡುತ್ತದೆ. ಪಶುವೈದ್ಯೆಯಾಗಿ ನನ್ನ ತಕರಾರು ಇರುವುದು ಇಲ್ಲೇ. ಪ್ರಾಣಿಯ ತೂಕವೇ ನಾಲ್ಕು ಕಿಲೋ. ಅದು ಆಗಲೇ ಎರಡೋ ಮೂರೋ ಮಾತ್ರೆ ನುಂಗುತ್ತಿರುತ್ತದೆ. ಇನ್ನು ಅದರ ಹೊಟ್ಟೆಗೆ ಹೊಸದಾಗಿ ಏನು ಹೋದರೂ ಅದು ಮತ್ತೊಂದು ಔಷಧಿಯೇ. ಹಾಗಂದುಕೊಂಡೇ ಕೊಡಬೇಕು, ಇಲ್ಲವಾದರೆ ಬಿಡಬೇಕು.

ಯಾವ ಸಪ್ಲಿಮೆಂಟ್ ಕೊಡಲಿ ಅಂತ ಎಲ್ಲರೂ ಕೇಳುತ್ತಾರೆ. ಹೃದಯಕ್ಕೆ ಆಗಿರುವುದೇನು ಅಂತ ಕೇಳುವವರು ಕಡಿಮೆ. ಬೆಕ್ಕುಗಳಲ್ಲಿ ತುಂಬ ಜಾಸ್ತಿ ಕಾಣುವುದು ಹೃದಯದ ಗೋಡೆ ದಪ್ಪವಾಗುವ ಕಾಯಿಲೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಅಂತಾರೆ. ಮೇನ್ ಕೂನ್, ರ್‍ಯಾಗ್‌ಡಾಲ್ ತಳಿಗಳಲ್ಲಿ ಇದು ವಂಶದಲ್ಲೇ ಬರುವುದುಂಟು. ಇನ್ನೊಂದು ಇದಕ್ಕೆ ಉಲ್ಟಾ. ಗೋಡೆ ತೆಳುವಾಗಿ, ಹೃದಯ ಹಿಗ್ಗಿ, ಒತ್ತುವ ಶಕ್ತಿಯೇ ಕುಂದಿಹೋಗುತ್ತದೆ. ಅದು ಡೈಲೇಟೆಡ್ ಕಾರ್ಡಿಯೋಮಯೋಪತಿ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಇವೆರಡರಲ್ಲಿ ಯಾವುದು ಅಂತ ತಿಳಿಯುವುದಿಲ್ಲ. ಎಕೋ ಸ್ಕ್ಯಾನ್, ಅಂದರೆ ಹೃದಯದ ಅಲ್ಟ್ರಾಸೌಂಡ್ ಬೇಕು. ಸಪ್ಲಿಮೆಂಟಿನ ಮಾತು ಆಮೇಲಿನದು.

ಟಾರಿನ್ ಅಂದರೆ ಒಂದು ಅಮೈನೋ ಆಮ್ಲ. ಅದರ ಕಥೆ ಕೇಳಿದರೆ ಸ್ಕ್ಯಾನ್ ಮೊದಲು ಯಾಕೆ ಅಂತ ಗೊತ್ತಾಗುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಪಾಲ್ ಪಿಯಾನ್ ಮತ್ತು ಅವರ ಸಂಗಡಿಗರು ಒಂದು ವಿಷಯ ಕಂಡುಕೊಂಡರು. ಹೃದಯ ಹಿಗ್ಗಿದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರಾ ಕಡಿಮೆ ಇತ್ತು. ಟಾರಿನ್ ಕೊಟ್ಟಾಗ ಆ ಹೃದಯಗಳು ಮತ್ತೆ ಚೇತರಿಸಿಕೊಂಡವು. ಗಮನಿಸಿ, ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಕಂಪನಿಗಳು ತಯಾರಿಸಿದ ಬೆಕ್ಕಿನ ಆಹಾರವನ್ನೇ. ಅದಾದ ಮೇಲೆ ಕಂಪನಿಗಳು ಆಹಾರದಲ್ಲಿ ಟಾರಿನ್ ಹೆಚ್ಚಿಸಿದವು. ಈ ಕಾಯಿಲೆ ಅಪರೂಪವಾಯಿತು.

ಬೆಕ್ಕಿನ ಮೈಯಲ್ಲಿ ಟಾರಿನ್ ಸಾಕಷ್ಟು ತಯಾರಾಗುವುದಿಲ್ಲ. ಮೇಲಿಂದ ಪಿತ್ತರಸಕ್ಕೂ ಅದೇ ಬೇಕು, ಅಲ್ಲೂ ಸೋರಿಹೋಗುತ್ತಲೇ ಇರುತ್ತದೆ. ಅದು ಸಿಗುವುದು ಮಾಂಸ, ಮೀನುಗಳಲ್ಲಿ. ಹಾಗಾಗಿ ಬೆಕ್ಕನ್ನು ಸಸ್ಯಾಹಾರದಲ್ಲೇ ಸಾಕುವ ಮನೆಗಳಲ್ಲಿ, ನಾಯಿಯ ಆಹಾರವನ್ನೇ ಹಾಕುವ ಮನೆಗಳಲ್ಲಿ ಇಂದಿಗೂ ಕೊರತೆ ಆಗಬಹುದು. ಮಾಂಸ ಬೇಯಿಸಿ ನೀರು ಚೆಲ್ಲುವವರೂ ಎಚ್ಚರವಾಗಿರಿ. ಟಾರಿನ್ ನೀರಿನಲ್ಲಿ ಕರಗುತ್ತದೆ, ಚೆಲ್ಲಿದ ನೀರಿನ ಜೊತೆ ಅದೂ ಹೋಗುತ್ತದೆ.

ಕೊರತೆ ಇದೆ ಅನ್ನುವ ಅನುಮಾನ ಬಂದರೆ ವೈದ್ಯರು ಸಾಮಾನ್ಯವಾಗಿ 250 ಮಿಲಿಗ್ರಾಂ ಟಾರಿನ್ ದಿನಕ್ಕೆ ಎರಡು ಸಲ ಬರೆಯುತ್ತಾರೆ. ಆದರೆ ಪುಡಿ ಶುರು ಮಾಡುವ ಮುಂಚೆಯೇ ರಕ್ತದ ಮಾದರಿ ಕೊಡಿ. ಆಮೇಲೆ ಕೊಟ್ಟರೆ ನಿಜವಾಗಿ ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಇದು ರಾತ್ರಿ ಬೆಳಗಾಗುವುದರಲ್ಲಿ ಕೆಲಸ ಮಾಡುವುದೂ ಇಲ್ಲ. ಸ್ಕ್ಯಾನಿನಲ್ಲಿ ವ್ಯತ್ಯಾಸ ಕಾಣಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಉಳಿದ ಔಷಧಿ ನಿಲ್ಲಿಸುವಂತಿಲ್ಲ. ಇನ್ನು ಗೋಡೆ ದಪ್ಪವಾದ ಕಾಯಿಲೆಗೆ? ಟಾರಿನ್ ಹಾನಿ ಮಾಡದು, ಆದರೆ ದಪ್ಪವಾದ ಗೋಡೆಯನ್ನು ತೆಳುವೂ ಮಾಡದು.

ಮೀನೆಣ್ಣೆಗೆ ಬರೋಣ. ಹೃದಯ ಸೋತ ಬೆಕ್ಕಿನ ಬೆನ್ನ ಮೇಲೆ ಕೈಯಾಡಿಸಿ ನೋಡಿ. ಮೂಳೆ ಕೈಗೆ ತಗಲುತ್ತದೆ, ಮಾಂಸ ಕರಗಿರುತ್ತದೆ. ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬುಗಳಾದ ಇಪಿಎ ಮತ್ತು ಡಿಎಚ್‌ಎ ಉರಿಯೂತವನ್ನು ತಗ್ಗಿಸಿ ಇಂಥಲ್ಲಿ ಸ್ವಲ್ಪ ನೆರವಾಗಬಹುದು. ಇದಕ್ಕೆ ಸಿಕ್ಕಿರುವ ಪುರಾವೆ ಜಾಸ್ತಿ ನಾಯಿಗಳದ್ದು, ಅದನ್ನೂ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಹೇಳುವ ಪ್ರಮಾಣ ಒಂದು ಕಿಲೋ ತೂಕಕ್ಕೆ ಇಪಿಎ 40 ಮಿಲಿಗ್ರಾಂ, ಡಿಎಚ್‌ಎ 25 ಮಿಲಿಗ್ರಾಂ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ 160 ಮತ್ತು 100.

ಈಗ ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಮುಂದೆ ದೊಡ್ಡದಾಗಿ 1,000 ಮಿಲಿಗ್ರಾಂ ಅಂತ ಇರುತ್ತದೆ. ಅದು ಒಟ್ಟು ಎಣ್ಣೆಯ ಲೆಕ್ಕ. ಮನುಷ್ಯರ ಸಾಧಾರಣ ಕ್ಯಾಪ್ಸೂಲಿನಲ್ಲಿ ಅದರೊಳಗೆ ಇಪಿಎ 180, ಡಿಎಚ್‌ಎ 120 ಇರುತ್ತದೆ. ಅಂದರೆ ಒಂದೇ ಕ್ಯಾಪ್ಸೂಲಿಗೆ ಬೆಕ್ಕಿನ ಇಡೀ ದಿನದ ಲೆಕ್ಕ ಮುಗಿಯಿತು. ಸಾಂದ್ರಗೊಳಿಸಿದ (ಕಾನ್ಸಂಟ್ರೇಟೆಡ್) ಎಣ್ಣೆಯಾದರೆ ಇದರ ಎರಡು ಮೂರು ಪಟ್ಟು ಇರಬಹುದು. ಕಣ್ಣಳತೆಯಲ್ಲಿ ಸುರಿಯುವ ವಸ್ತು ಇದಲ್ಲ. ಕಾಲು ಭಾಗದಿಂದ ಶುರು ಮಾಡಿ, ನಿಧಾನವಾಗಿ ಏರಿಸಿ. ಅತಿಯಾದರೆ ಮೊದಲು ಭೇದಿ. ಇನ್ನೊಂದು ಮುಖ್ಯ ವಿಷಯ, ಈ ಎಣ್ಣೆ ರಕ್ತ ಹೆಪ್ಪುಗಟ್ಟುವುದನ್ನು ತುಸು ಕಡಿಮೆ ಮಾಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೋಗ್ರೆಲ್ ಮಾತ್ರೆ ನಿಮ್ಮ ಬೆಕ್ಕಿಗೆ ನಡೆಯುತ್ತಿದ್ದರೆ ವೈದ್ಯರಿಗೆ ಹೇಳದೆ ಎಣ್ಣೆ ಶುರು ಮಾಡಬೇಡಿ.

ಅಗಸೆ ಎಣ್ಣೆ ಇದಕ್ಕೆ ಬದಲಿಯಾಗುವುದಿಲ್ಲ. ಅದರಲ್ಲಿರುವ ಕೊಬ್ಬನ್ನು ಇಪಿಎ ಮಾಡಿಕೊಳ್ಳುವ ಕಿಣ್ವ ಬೆಕ್ಕಿನಲ್ಲಿ ತೀರಾ ಮಂದ. ಕಾಡ್ ಲಿವರ್ ಎಣ್ಣೆಯಂತೂ ಬೇಡವೇ ಬೇಡ. ಅದರಲ್ಲಿ ಎ ಮತ್ತು ಡಿ ವಿಟಮಿನ್ ತುಂಬಿರುತ್ತದೆ. ಎರಡೂ ಮೈಯಲ್ಲೇ ಕೂತು ಮೂಳೆಗೂ ಮೂತ್ರಪಿಂಡಕ್ಕೂ ಹೊಡೆತ ಕೊಡುತ್ತವೆ.

ಪೊಟ್ಯಾಶಿಯಂ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಶ್ವಾಸಕೋಶದ ನೀರು ಇಳಿಸಲು ಕೊಡುವ ಫ್ಯೂರೋಸಮೈಡ್ ಮಾತ್ರೆ ಮೂತ್ರದ ಜೊತೆ ಪೊಟ್ಯಾಶಿಯಂ ಕಳೆಯುತ್ತದೆ. ಹಾಗಾದರೆ ಪೊಟ್ಯಾಶಿಯಂ ಕೊಡಬೇಕು, ಅಲ್ವಾ? ತಡೆಯಿರಿ. ಅದೇ ಬೆಕ್ಕಿಗೆ ಹೃದಯಕ್ಕೆಂದೇ ಕೊಡುವ ಬೆನಾಜೆಪ್ರಿಲ್ ಇಲ್ಲವೇ ಸ್ಪೈರೋನೊಲ್ಯಾಕ್ಟೋನ್ ಮಾತ್ರೆ ಕೂಡ ಇದ್ದರೆ ಅವು ಪೊಟ್ಯಾಶಿಯಂ ಅನ್ನು ಮೈಯಲ್ಲೇ ಉಳಿಸುತ್ತವೆ. ಒಂದು ಕಳೆಯುತ್ತದೆ, ಇನ್ನೊಂದು ಹಿಡಿದಿಡುತ್ತದೆ. ನಡುವೆ ನೀವು ಪುಡಿ ಸೇರಿಸಿದರೆ ಲೆಕ್ಕ ಯಾವ ಕಡೆ ವಾಲುತ್ತದೋ ರಕ್ತ ಪರೀಕ್ಷೆ ಮಾತ್ರ ಹೇಳಬಲ್ಲದು. ಪೊಟ್ಯಾಶಿಯಂ ಕಡಿಮೆಯಾದರೆ ಬೆಕ್ಕಿಗೆ ಕತ್ತು ಎತ್ತಲೂ ಆಗದಷ್ಟು ಸುಸ್ತು. ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪಬಹುದು.

ಜೀವಕೋಶಗಳಿಗೆ ಶಕ್ತಿ ಸಿಗಲು ನೆರವಾಗುತ್ತವೆ ಅಂತ ಮಾರುವ ಕೋಕ್ಯೂಟೆನ್, ಕಾರ್ನಿಟಿನ್ ಎರಡರ ಬಗ್ಗೆಯೂ ಬೆಕ್ಕುಗಳಲ್ಲಿ ಗಟ್ಟಿ ಪುರಾವೆ ಇಲ್ಲ. ನಾನು ನನ್ನಷ್ಟಕ್ಕೆ ಬರೆಯುವುದಿಲ್ಲ. ಕೊಡಲೇಬೇಕು ಅನ್ನುವವರಿಗೆ ಒಂದೇ ಮಾತು: ಡಬ್ಬಿಯಲ್ಲಿ ಜೊತೆಗೆ ಮತ್ತೇನಿದೆ ನೋಡಿ.

ಯಾಕೆಂದರೆ ಅಪಾಯ ಹೆಚ್ಚಾಗಿ ಈ ‘ಜೊತೆಗೆ’ಯಲ್ಲೇ ಇರುತ್ತದೆ. ಮನುಷ್ಯರ ಹೃದಯದ ಕ್ಯಾಪ್ಸೂಲುಗಳಲ್ಲಿ ಕೋಕ್ಯೂಟೆನ್ ಜೊತೆ ಆಲ್ಫಾ ಲಿಪೋಯಿಕ್ ಆಸಿಡ್ ಸೇರಿಸುವುದುಂಟು. ಕಿಲೋಗೆ 30 ಮಿಲಿಗ್ರಾಂ ಪ್ರಮಾಣದಲ್ಲೇ ಅದು ಬೆಕ್ಕಿನ ಲಿವರಿಗೆ ಪೆಟ್ಟು ಕೊಟ್ಟದ್ದು ದಾಖಲಾಗಿದೆ. ಒಂದೇ ಒಂದು ಕ್ಯಾಪ್ಸೂಲ್ ಸಾಕಾಗಬಹುದು. ಬೆಳ್ಳುಳ್ಳಿ ಸಾರವೂ ಮನುಷ್ಯರಿಗೆ ಹೃದಯದ ಹೆಸರಿನಲ್ಲೇ ಮಾರಾಟವಾಗುತ್ತದೆ. ಬೆಕ್ಕಿನಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಈರುಳ್ಳಿಯೂ ಹಾಗೇ. ಹನಿಯಾಗಿ ಸಿಗುವ ಸಪ್ಲಿಮೆಂಟಾದರೆ ಪ್ರೊಪಿಲೀನ್ ಗ್ಲೈಕಾಲ್ ಅನ್ನುವ ದ್ರಾವಕ ಇದೆಯೇ ನೋಡಿ. ಅದೂ ಬೆಕ್ಕಿನ ರಕ್ತಕಣಗಳಿಗೆ ಆಗದು. ಅಮೆರಿಕದಲ್ಲಿ ಬೆಕ್ಕಿನ ಆಹಾರದಲ್ಲಿ ಅದನ್ನು 1996ರಲ್ಲೇ ನಿಷೇಧಿಸಿದ್ದಾರೆ. ನೀರಿಗೆ ಹಾಕಿದರೆ ಬುರುಗು ಬರುವ ಮಾತ್ರೆಗಳಲ್ಲಿ ಸೋಡಿಯಂ ತುಂಬಿರುತ್ತದೆ, ಸೋತ ಹೃದಯಕ್ಕೆ ಅದು ಬೇಡದ ಹೊರೆ. ಹಾಥಾರ್ನ್‌ನಂಥ ಗಿಡಮೂಲಿಕೆಗಳು ರಕ್ತದೊತ್ತಡದ ಔಷಧಿಗಳ ಜೊತೆ ಸೇರಿ ಒತ್ತಡವನ್ನು ಬೇಕಾದ್ದಕ್ಕಿಂತ ಇಳಿಸಬಹುದು.

ಸರಿ, ವೈದ್ಯರು ಒಪ್ಪಿ ಒಂದು ಸಪ್ಲಿಮೆಂಟ್ ಬರೆದರು ಅಂತ ಇಟ್ಟುಕೊಳ್ಳಿ. ಕೊಡುವುದು ಹೇಗೆ? ಬೆಕ್ಕು ಸಾಕಿದವರಿಗೆ ಗೊತ್ತು, ಅರ್ಧ ಜಗಳ ಇಲ್ಲೇ.

ಪೂರ್ತಿ ಊಟದ ಬಟ್ಟಲಿಗೆ ಪುಡಿ ಕಲಸಬೇಡಿ. ವಾಸನೆ ಹಿಡಿಸದಿದ್ದರೆ ಬೆಕ್ಕು ಮೂಸಿ ನೋಡಿ ಹೋಗಿಬಿಡುತ್ತದೆ. ಮಾರನೆಯ ದಿನ ಪುಡಿ ಇಲ್ಲದೆ ಅದೇ ಊಟ ಹಾಕಿದರೂ ಮುಟ್ಟುವುದಿಲ್ಲ. ಹೃದಯದ ಕಾಯಿಲೆಯ ಬೆಕ್ಕು ಊಟ ಬಿಡುವುದು ಸಣ್ಣ ವಿಷಯವಲ್ಲ. ಕೆಲವು ದಿನ ಏನೂ ತಿನ್ನದಿದ್ದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಂಡು ಇನ್ನೊಂದು ಕಾಯಿಲೆ ಅಂಟಿಕೊಳ್ಳುತ್ತದೆ. ಸಪ್ಲಿಮೆಂಟಿಗೂ ಊಟಕ್ಕೂ ಜಗಳ ಬಂದರೆ ಊಟವೇ ಗೆಲ್ಲಲಿ, ಪುಡಿ ಹಾಳಾಗಿ ಹೋಗಲಿ. ಹಸಿದಿರುವಾಗ ಒಂದು ಚಮಚ ಮೆತ್ತಗಿನ ಊಟದಲ್ಲಿ ಪುಡಿ ಬೆರೆಸಿ ಕೊಡಿ. ಅದು ಮುಗಿದ ಮೇಲೆ ಉಳಿದ ಊಟ ಬೇರೆ ಬಟ್ಟಲಿನಲ್ಲಿ. ಮಾತ್ರೆ ಮುಚ್ಚಿಡಲು ಚೀಸು, ಉಪ್ಪುಮೀನು ಬೇಡ. ಅದರ ಉಪ್ಪೂ ಲೆಕ್ಕಕ್ಕೆ ಬರುತ್ತದೆ.

ಮಾತ್ರೆ, ಕ್ಯಾಪ್ಸೂಲುಗಳನ್ನು ನೀರಿಲ್ಲದೆ ನುಂಗಿಸಿ ಸುಮ್ನೆ ಬಿಡಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡಬಹುದು. ಹಿಂದೆಯೇ ಐದಾರು ಮಿಲಿಲೀಟರ್ ನೀರನ್ನು ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಬಿಡಿ, ಇಲ್ಲವೇ ಒಂದು ತುತ್ತು ಊಟ ಕೊಡಿ. ಬೆಕ್ಕು ಏದುಸಿರು ಬಿಡುತ್ತಿರುವಾಗ ಮಾತ್ರ ಹಿಡಿದು ಬಲವಂತ ಮಾಡಬೇಡಿ. ಆ ಹೆಣಗಾಟವೇ ಅದಕ್ಕೆ ಅಪಾಯ.

ಒಂದೇ ಸಲ ಎರಡು ಹೊಸ ವಸ್ತು ಶುರು ಮಾಡಬೇಡಿ. ನಡುವೆ ಒಂದೆರಡು ವಾರ ಬಿಡಿ. ಆಗ ವಾಂತಿಯಾದರೆ ಯಾವುದರಿಂದ ಅಂತ ಗೊತ್ತಾಗುತ್ತದೆ. ಜೊತೆಗೆ ದಿನಾ ಉಸಿರು ಎಣಿಸಿ. ಗಾಢ ನಿದ್ದೆಯಲ್ಲಿರುವಾಗ, ಗುರ್‍ರ್ ಅನ್ನದಿರುವಾಗ. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ಸರಿ. ಮತ್ತೆ ಮತ್ತೆ 30 ದಾಟುತ್ತಿದ್ದರೆ ಬೆಳಗಾಗಲಿ ಅಂತ ಕಾಯದೆ ವೈದ್ಯರಿಗೆ ಫೋನ್ ಮಾಡಿ. ವೈದ್ಯರ ಹತ್ತಿರ ಹೋಗುವಾಗ ಡಬ್ಬಿಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಬಾಯಲ್ಲಿ ಹೇಳುವಾಗ ಅರ್ಧ ಮರೆತಿರುತ್ತದೆ.

ಇನ್ನು ತಕ್ಷಣ ಆಸ್ಪತ್ರೆಗೆ ಓಡಬೇಕಾದ ಎರಡು ಸ್ಥಿತಿಗಳಿವೆ. ಬೆಕ್ಕು ಬಾಯಿ ತೆರೆದು ಉಸಿರಾಡುವುದು ಒಂದು. ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋಗಿ, ಪಾದ ತಣ್ಣಗಾಗಿ, ನೋವಿನಿಂದ ಕಿರುಚುವುದು ಇನ್ನೊಂದು. ಎರಡನೆಯದು ಹೆಪ್ಪುಗಟ್ಟಿದ ರಕ್ತ ಕಾಲಿನ ರಕ್ತನಾಳಕ್ಕೆ ಅಡ್ಡ ಸಿಕ್ಕಿಕೊಂಡದ್ದರ ಗುರುತು. ಕಾಲು ಉಜ್ಜಬೇಡಿ, ಬಿಸಿನೀರಿನ ಶಾಖ ಕೊಡಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ. ಬುಟ್ಟಿಯಲ್ಲಿ ಮಲಗಿಸಿ ನೇರ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೇ ಫೋನ್ ಮಾಡಿ ಬರುತ್ತಿದ್ದೇವೆ ಅಂತ ಹೇಳಿ, ಅವರು ಆಮ್ಲಜನಕ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ.

ನಮಸ್ಕಾರ.